ಯುರೋಪ್ ತಿರುಗಿ ಹೊಡೆಯಲಿಲ್ಲ, ಯಾಕೆ?

ಇದೇ ಸ್ಟುಡಿಯೋದಲ್ಲಿ ಕೂತು ನಾನೊಂದು ಮಾತು ಹೇಳಿದ್ದೆ. ಟ್ರಂಪ್ ಸುಂಕ ಏರಿಸಿದರೆ ಸಣ್ಣಪುಟ್ಟ ದೇಶಗಳು ಬಗ್ಗಬಹುದು, ಆದರೆ 27 ದೇಶಗಳ ಯುರೋಪಿಯನ್ ಒಕ್ಕೂಟ ತಿರುಗಿ ಹೊಡೆಯುತ್ತೆ ಅಂತ. ನನ್ನ ಲೆಕ್ಕ ತಪ್ಪಾಯ್ತು.

ನನ್ನ ತಲೆಯಲ್ಲಿ ಇದ್ದದ್ದು 2018. ಆಗ ಟ್ರಂಪ್ ಯುರೋಪಿನ ಉಕ್ಕಿಗೆ ಶೇ.25, ಅಲ್ಯೂಮಿನಿಯಂಗೆ ಶೇ.10 ಸುಂಕ ಹಾಕಿದ್ರು. ಯುರೋಪ್ ಏನು ಮಾಡ್ತು ಗೊತ್ತಾ? ಅಮೆರಿಕದ ಬೋರ್ಬನ್ ವಿಸ್ಕಿ ಮೇಲೆ, ಹಾರ್ಲೆ ಡೇವಿಡ್‌ಸನ್ ಬೈಕ್ ಮೇಲೆ ಸುಂಕ ಜಡಿಯಿತು. ಬೋರ್ಬನ್ ಅಂದ್ರೆ ಕೆಂಟಕಿ. ಅದು ಸೆನೆಟ್‌ನಲ್ಲಿ ಟ್ರಂಪ್ ಪಕ್ಷದ ನಾಯಕರಾಗಿದ್ದ ಮಿಚ್ ಮೆಕಾನಲ್ ಅವರ ರಾಜ್ಯ. ಹಾರ್ಲೆ ಅಂದ್ರೆ ವಿಸ್ಕಾನ್ಸಿನ್. ಅದು ಆಗಿನ ಸ್ಪೀಕರ್ ಪಾಲ್ ರಯಾನ್ ಅವರ ರಾಜ್ಯ. ಬೈಕ್ ಮೇಲಿನ ಸುಂಕ ಶೇ.6 ಇದ್ದದ್ದು ಶೇ.31ಕ್ಕೆ ಹೋಯ್ತು. ನೋಡಿ, ಎಲ್ಲಿ ಚಿವುಟಿದರೆ ಯಾರು ಕೂಗ್ತಾರೆ ಅಂತ ಲೆಕ್ಕ ಹಾಕಿಯೇ ಚಿವುಟಿದ್ದು!

2025ರಲ್ಲೂ ಪಟ್ಟಿ ರೆಡಿ ಇತ್ತು. ಬೋರ್ಬನ್ನೂ ಇತ್ತು. ಮಾರ್ಚ್‌ನಲ್ಲಿ ಟ್ರಂಪ್ ಒಂದು ಪೋಸ್ಟ್ ಹಾಕಿದ್ರು: ಅದನ್ನ ಮುಟ್ಟಿದರೆ ನಿಮ್ಮ ವೈನ್, ಶಾಂಪೇನ್ ಮೇಲೆ ಶೇ.200. ಅಷ್ಟೇ ಸಾಕಾಯ್ತು. ಫ್ರಾನ್ಸ್, ಇಟಲಿಗೆ ವೈನ್ ಚಿಂತೆ. ಐರ್ಲೆಂಡ್‌ಗೆ ತನ್ನ ವಿಸ್ಕಿ ಚಿಂತೆ. ಜರ್ಮನಿಗೆ ಕಾರಿನ ಚಿಂತೆ. ಏಪ್ರಿಲ್ ಹೊತ್ತಿಗೆ ಬೋರ್ಬನ್ ಪಟ್ಟಿಯಿಂದ ಮಾಯ! ಒಕ್ಕೂಟದ ಗಡಿಯಲ್ಲಿ ಸುಂಕ ಎಲ್ಲರದ್ದೂ ಒಂದೇ, ಆದರೆ ಪೆಟ್ಟು ತಿರುಗಿ ಬಿದ್ದಾಗ ನೋಯೋದು ಬೇರೆ ಬೇರೆ ಕಡೆ. ಸಾಲದ್ದಕ್ಕೆ ಉಕ್ರೇನ್ ಯುದ್ಧ ಬೇರೆ. ಅಮೆರಿಕವನ್ನ ಪೂರ್ತಿ ಎದುರು ಹಾಕಿಕೊಳ್ಳೋ ಹಾಗಿಲ್ಲ.

ಜುಲೈ 27ಕ್ಕೆ ಉರ್ಸುಲಾ ವಾನ್ ಡೆರ್ ಲೇಯೆನ್ ಸ್ಕಾಟ್ಲೆಂಡ್‌ನ ಟರ್ನ್‌ಬೆರಿಗೆ ಹೋದ್ರು. ಟ್ರಂಪ್ ಅವರದ್ದೇ ಗಾಲ್ಫ್ ರೆಸಾರ್ಟ್. ಅಲ್ಲೇ ಕೂತು ಶೇ.15ಕ್ಕೆ ಒಪ್ಪಿಕೊಂಡ್ರು. ಶೇ.30 ಅಂತ ಬೆದರಿಸಿದ್ದರಲ್ಲ, ಅರ್ಧಕ್ಕೆ ಇಳೀತು ಅನ್ನೋದೇ ಸಮಾಧಾನ. ಫ್ರಾನ್ಸ್‌ನ ಆಗಿನ ಪ್ರಧಾನಿ ಬೈರೂ ಇದು ‘ಕರಾಳ ದಿನ’ ಅಂದ್ರು. ಅಲ್ರೀ, ಪಟ್ಟಿಯಿಂದ ಬೋರ್ಬನ್ ತೆಗೀರಿ ಅಂದವರಲ್ಲಿ ಫ್ರಾನ್ಸೂ ಇರಲಿಲ್ವಾ?

ಇನ್ನೊಂದು ವಿಷಯ ಹೇಳಲೇಬೇಕು. ಈ ಒಪ್ಪಂದಕ್ಕೆ ಕೆಲವೇ ದಿನ ಮೊದಲು ಯುರೋಪ್ ಮತ್ತೊಂದು ಪಟ್ಟಿ ಮಾಡಿತ್ತು. ಹಳೇದೂ ಹೊಸದೂ ಸೇರಿ ಒಟ್ಟು 9,300 ಕೋಟಿ ಯೂರೋ ಮೌಲ್ಯದ ಸರಕು. ಅದರಲ್ಲಿ ಬೋಯಿಂಗ್ ವಿಮಾನ ಇತ್ತು, ಬೋರ್ಬನ್ ಕೂಡ ವಾಪಸ್ ಬಂದಿತ್ತು. ಆಗಸ್ಟ್‌ನಲ್ಲಿ ಅದನ್ನ ಆರು ತಿಂಗಳ ಮಟ್ಟಿಗೆ ತಡೆಹಿಡಿದ್ರು. ಹರಿದು ಹಾಕಲಿಲ್ಲ, ಡ್ರಾಯರ್‌ನಲ್ಲಿ ಇಟ್ಟರು.