ಡೋಣಿಯವರು ದೋಣಿ ಹತ್ತಿದ್ದು

(ತಿಕೋಟಾದಲ್ಲಿ ಹೊಸ ಓದುಗರ ಮುಂದೆ ಆಡಿದ ಮಾತು)



ನಮ್ಮ ಕಡೆ ಡೋಣಿ ಅಂದರೆ ಹೊಳೆ. ಡೋಣಿ ಬೆಳೆದರೆ ಓಣೆಲ್ಲಾ ಜೋಳ ಅನ್ನುವ ಮಾತು ನಿಮ್ಮ ಬಾಯಲ್ಲೇ ಇದೆ. ಸಾರವಾಡದವರಿಗೆ, ತಾಳಿಕೋಟಿಯವರಿಗೆ ಆ ಹೊಳೆಯ ಗುರುತು ಹೇಳಬೇಕಾಗಿಲ್ಲ. ಇನ್ನೊಂದು ಮಾತಿದೆ. ಅದು ದೋಣಿ. ನೀರಿನ ಮೇಲೆ ತೇಲುವುದು. ಪಾಟಿಯ ಮೇಲೆ ಡ ಬರೆದು ಪಕ್ಕದಲ್ಲಿ ದ ಬರೆಯಿರಿ. ಅಂತರ ಬಹಳ ಇಲ್ಲ. ನೆಲದ ಮೇಲೆ ಮಾತ್ರ ಆ ಅಂತರ ಸುಮಾರು 350 ಕಿಲೋಮೀಟರ್ ಆಗುತ್ತದೆ. ಆ ಅಂತರ ದಾಟಿ ಹೋಗಿ, ದೋಣಿ ಹತ್ತಿ, ಇಳಿದು ಬಂದ ಸಂಗತಿಯನ್ನು ಇವತ್ತು ಹೇಳುತ್ತೇವೆ.

ನಾವು ಹೋದದ್ದು ಗೋಕರ್ಣಕ್ಕೆ. ಒಟ್ಟು ಹದಿನೆಂಟು ಜನ. ತಿಕೋಟಾದವರು, ಬಬಲೇಶ್ವರದವರು, ವಿಜಯಪುರ ಶಹರದ ನಾಲ್ಕು ಜನ. ಕಲಿಸುವವರೂ ಕಲಿಯುವವರೂ ಕೂಡಿಯೇ ಹೋದೆವು. ಎಳ್ಳಮಾಸಿ ಮುಗಿದಿತ್ತು. ದ್ರಾಕ್ಷಿ ಕಟಾವಿಗೆ ಇನ್ನೂ ದಿನ ಇದ್ದವು. ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟಿಕೊಂಡು ಹೊರಟೆವು.

ಒಂದು ಮಾತು ನಿಮಗೆ ಗೊತ್ತಿರಲಿ. ವಿಜಯಪುರದ ಮೇಲೆ ಹಾಯುವ ರಾಷ್ಟ್ರೀಯ ಹೆದ್ದಾರಿ 52 ಇದೆಯಲ್ಲ, ಅದು ಪಂಜಾಬಿನಿಂದ ಬರುತ್ತದೆ. ಸೊಲ್ಲಾಪುರ, ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅಂಕೋಲೆಯಲ್ಲಿ ಮುಗಿಯುತ್ತದೆ. ಅಂಕೋಲೆಯ ಆಚೆ ಸಮುದ್ರ. ಅಂದರೆ ನಮ್ಮ ಊರ ಮುಂದಿನ ರಸ್ತೆಯೇ ಸಮುದ್ರಕ್ಕೆ ಹೋಗುವ ರಸ್ತೆ. ಅಂಕೋಲೆಯಿಂದ ಗೋಕರ್ಣ ಹತ್ತಿರ.

ಕೊಲ್ಹಾರದ ಉದ್ದ ಸೇತುವೆ ಬಂದಾಗ ಒಬ್ಬ ಕಾಕಾ, "ಸಮುದ್ರ ಅಂದ್ರ ಇದಕಿಂತ ಎಷ್ಟ ದೊಡ್ಡದರಿ?" ಎಂದು ಕೇಳಿದರು. ಕೃಷ್ಣೆಯ ಹಿನ್ನೀರು ಕಣ್ಣು ತುಂಬುವಷ್ಟು ಇತ್ತು. ಏನು ಹೇಳುವುದು? ನೋಡಿದ ಮೇಲೆ ನೀವೇ ಹೇಳ್ರಿ ಅಂದೆವು.

ಕೃಷ್ಣೆಯ ಸುದ್ದಿ ಬಂತು, ಹೇಳಿಬಿಡುತ್ತೇವೆ. ಕೃಷ್ಣೆ ಹುಟ್ಟುವ ಊರು ಮಹಾರಾಷ್ಟ್ರದ ಮಹಾಬಳೇಶ್ವರ. ಅಲ್ಲಿಂದ ಪಶ್ಚಿಮದ ಸಮುದ್ರ ಬರೀ 65 ಕಿಲೋಮೀಟರ್. ಆದರೂ ಕೃಷ್ಣೆ ಆ ಕಡೆ ಹೋಗುವುದಿಲ್ಲ. ಪೂರ್ವಕ್ಕೆ ತಿರುಗಿ 1400 ಕಿಲೋಮೀಟರ್ ಹರಿದು ಬಂಗಾಳ ಕೊಲ್ಲಿ ಸೇರುತ್ತಾಳೆ. ಅದಕ್ಕೇ ನಮ್ಮ ಪಾಲಿಗೆ ಬಂದಳು. ಗೋಕರ್ಣದ ದೇವರ ಹೆಸರೂ ಮಹಾಬಲೇಶ್ವರ. ಇದನ್ನು ಕೇಳಿ ನಮ್ಮ ಅಜ್ಜಿಯರು ಬಸ್ಸಿನಲ್ಲೇ ಕೈ ಮುಗಿದರು.

ಯಲ್ಲಾಪುರ ಬಿಟ್ಟ ಮೇಲೆ ಅರೆಬೈಲ್ ಘಟ್ಟ. ಬಸ್ಸು ಇಳಿಯುತ್ತಲೇ ಹೋಯಿತು. ನಮ್ಮ ವಿಜಯಪುರ ಸಮುದ್ರಕ್ಕಿಂತ ಸುಮಾರು 600 ಮೀಟರ್ ಮೇಲಿದೆ. ನಂಬಿಕೆ ಬಾರದಿದ್ದರೆ ರೈಲು ನಿಲ್ದಾಣಕ್ಕೆ ಹೋಗಿ ಹಳದಿ ಹಲಗೆ ಓದಿರಿ. ಊರ ಹೆಸರಿನ ಕೆಳಗೆ ಸಮುದ್ರಕ್ಕಿಂತ ಎಷ್ಟು ಎತ್ತರ ಎಂದು ಬರೆದಿರುತ್ತಾರೆ. ಅಷ್ಟು ಎತ್ತರವನ್ನು ನಾವು ಒಂದೇ ರಾತ್ರಿಯಲ್ಲಿ ಇಳಿದೆವು. ನಮ್ಮಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ. ಅಲ್ಲಿ 3000 ಮಿಲಿಮೀಟರಿಗೂ ಹೆಚ್ಚು. ಅದಕ್ಕೇ ಅಲ್ಲಿ ಎಲ್ಲಿ ನೋಡಿದರೂ ಹಸಿರು.

ದೇವರ ದರ್ಶನ ಆಯಿತು. ಆಮೇಲೆ ಓಂ ಬೀಚಿಗೆ ಹೋದೆವು. ಅಲ್ಲಿನ ದಂಡೆ ಎರಡು ಅರ್ಧ ಚಂದ್ರ ಕೂಡಿಸಿದಂತೆ ಇದೆ. ನಡುವೆ ಕಲ್ಲಿನ ಮೂಗು ನೀರಿನೊಳಗೆ ಚಾಚಿದೆ. ಗುಡ್ಡದ ಮೇಲಿಂದ ನೋಡಿದರೆ ಓಂ ಅಕ್ಷರ ಕಂಡಂತೆ ಆಗುತ್ತದೆ. ಮೇಲೆ ನಿಂತು ಎಲ್ಲರೂ ಓದಿದರು. ಬೋರ್ಡಿನ ಮೇಲೆ ಓದಿದ್ದಕ್ಕಿಂತ ಜೋರಾಗಿಯೇ ಓದಿದರು.

ಕೆಳಗೆ ದೋಣಿಗಳು ನಿಂತಿದ್ದವು. ಹಿಂದೆ ಮಶೀನು ಇರುವ ಸಣ್ಣ ದೋಣಿಗಳು. ಅಲ್ಲಿಂದ ದಕ್ಷಿಣಕ್ಕೆ ದಂಡೆ ಹಿಡಿದು ಹೋದರೆ ಹಾಫ್ ಮೂನ್ ಬೀಚು, ಪ್ಯಾರಡೈಸ್ ಬೀಚು ಸಿಗುತ್ತವೆ. ಅಲ್ಲಿಗೆ ಬಸ್ಸಿನ ರಸ್ತೆ ಇಲ್ಲ. ಗುಡ್ಡ ಹತ್ತಿ ಇಳಿದು ನಡೆಯಬೇಕು, ಇಲ್ಲವೇ ದೋಣಿಯಲ್ಲಿ ಹೋಗಬೇಕು.

ಒಬ್ಬ ದೋಣಿಯವನು ಬಂದ. "ಎಲ್ಲರೂ ಒಂದರಲ್ಲೇ ಹತ್ತಿ, ಕಡಿಮೆ ಬೀಳ್ತದೆ" ಅಂದ. ನಮ್ಮ ಗಂಡಸರು ಚಪ್ಪಲಿ ಕೈಗೆ ತೆಗೆದುಕೊಂಡು ನೀರಿಗೆ ಇಳಿದೇ ಬಿಟ್ಟರು. ಬಬಲೇಶ್ವರದ ಒಬ್ಬ ಅಜ್ಜಿ ಮಾತ್ರ ಇಳಿಯಲಿಲ್ಲ. ದೋಣಿಯ ಮೈಮೇಲೆ ಬಣ್ಣದಲ್ಲಿ ಏನೋ ಬರೆದಿತ್ತು. ಅಜ್ಜಿ ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಒಟ್ಟು ಜನ 10.

"ತಮ್ಮಾ, ಇಲ್ಲಿ ಹತ್ತ ಅಂತ ಬರದೈತಿ. ನಾವು ಹದಿನೆಂಟ ಅದೀವಿ."

"ಅದು ಹಳೇದು ಅಮ್ಮಾ. ದಿನಾ ಇಪ್ಪತ್ತು ಜನ ಹೋಗ್ತಾರೆ. ಏನೂ ಆಗುದಿಲ್ಲ."

"ಒಟ್ಟು ಅಂದ್ರ ನೀನೂ ಸೇರಿ ಹತ್ತೇನು, ನಿನ್ನ ಬಿಟ್ಟು ಹತ್ತೇನು?"

ಅವನು ನಕ್ಕುಬಿಟ್ಟ. ನಮ್ಮ ಗಂಡಸರಿಗೆ ಸಿಟ್ಟು ಬಂತು. "ಎಡ್ಡ ದೋಣಿ ಮಾಡಿದ್ರ ತಲಿಗೆ ನೂರ ರೂಪಾಯಿ ಹೆಚ್ಚ ಬೀಳತೈತಿ, ಸುಮ್ನ ಹತ್ತ ಬೇ" ಅಂದರು. ಅಜ್ಜಿ ಉಸುಕಿನ ಮೇಲೆ ಕುಳಿತುಬಿಟ್ಟರು. ಕುಳಿತವರನ್ನು ಎಬ್ಬಿಸುವುದು ಆಗಲಿಲ್ಲ.

ಆಗ ನಾವು ಕಾರವಾರದ ಸಂಗತಿ ತೆಗೆದೆವು. ಕಾರವಾರದ ಸಮುದ್ರದೊಳಗೆ ಕೂರ್ಮಗಡ ಎಂಬ ನಡುಗಡ್ಡೆ ಇದೆ. ಅಲ್ಲಿ ನರಸಿಂಹ ದೇವರ ಗುಡಿ. ಬನದ ಹುಣ್ಣಿಮೆಗೆ ಜಾತ್ರೆ. ದೇವರಿಗೆ ಬಾಳೆಹಣ್ಣಿನ ಗೊನೆ ಕೊಡುತ್ತಾರೆ. 2019ರ ಜನವರಿ 21ರಂದು ಆ ಜಾತ್ರೆ ಮುಗಿಸಿ ತಿರುಗಿ ಬರುವ ಒಂದು ದೋಣಿ ಮಗುಚಿತು. 16 ಜನ ತೀರಿಕೊಂಡರು. ಮಕ್ಕಳೂ ಇದ್ದರು. ಸತ್ತವರಲ್ಲಿ ಬಹಳ ಜನ ಹಾವೇರಿ ಜಿಲ್ಲೆಯವರು. ಅಂದರೆ ನಮ್ಮ ಹಾಗೆ ಬಯಲು ಸೀಮೆಯವರು, ದೇವರಿಗೆಂದು ಹೋದವರು. ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನ ಇದ್ದರು ಎಂದು ಆಗ ಪತ್ರಿಕೆಗಳಲ್ಲಿ ಬಂತು.

ಇದನ್ನು ಕೇಳಿ ಗಂಡಸರು ಮಾತಾಡಲಿಲ್ಲ. ಚಪ್ಪಲಿ ಕೆಳಗೆ ಇಟ್ಟರು. ಅಷ್ಟರಲ್ಲಿ ಇನ್ನೊಬ್ಬ ದೋಣಿಯವರು ಬಂದರು, ವಯಸ್ಸಾದವರು. "ಅಜ್ಜಿ ಹೇಳಿದ್ದೇ ಸರಿ" ಅಂದರು. ಒಂಬತ್ತು ಜನ ಒಂದರಲ್ಲಿ, ಒಂಬತ್ತು ಜನ ಇನ್ನೊಂದರಲ್ಲಿ. ದೋಣಿಯವರು ಸೇರಿ ಹತ್ತು. ಅಜ್ಜಿಯ ಲೆಕ್ಕ ಅದೇ ಇತ್ತು. ತಲೆಗೆ ನೂರು ರೂಪಾಯಿ ಹೆಚ್ಚು ಬಿತ್ತು, ಕೊಟ್ಟೆವು.

ಹತ್ತುವ ಮೊದಲು ಎಲ್ಲರಿಗೂ ಕೇಸರಿ ಬಣ್ಣದ ಅಂಗಿ ಕೊಟ್ಟರು. ಅದಕ್ಕೆ ಲೈಫ್ ಜಾಕೆಟ್ ಅನ್ನುತ್ತಾರೆ. ಬಾವಿಯಲ್ಲಿ ಈಜು ಕಲಿಯುವಾಗ ಹುಡುಗರ ಬೆನ್ನಿಗೆ ಬೆಂಡು ಕಟ್ಟುತ್ತೇವಲ್ಲ, ಅದೇ ಕೆಲಸ ಇದರದು. ಒಳಗೆ ಹಗುರ ವಸ್ತು ತುಂಬಿರುತ್ತಾರೆ. ನೀರಿಗೆ ಬಿದ್ದರೆ ಮನುಷ್ಯನ ತಲೆಯನ್ನು ಮೇಲೆ ಹಿಡಿಯುತ್ತದೆ. ಆದರೆ ಪಟ್ಟಿ ಬಿಗಿಯಬೇಕು. ಶಾಲಿನ ಹಾಗೆ ಹೆಗಲ ಮೇಲೆ ಹಾಕಿಕೊಂಡರೆ ನೀರಿಗೆ ಬಿದ್ದ ಕೂಡಲೇ ಅಂಗಿ ಒಂದು ಕಡೆ, ನಾವು ಒಂದು ಕಡೆ. ಹೆಣ್ಣುಮಕ್ಕಳು ಸೀರೆಯ ಸೆರಗನ್ನು ಒಳಗೆ ಸಿಕ್ಕಿಸಿ, ಮೇಲೆ ಇದನ್ನು ತೊಟ್ಟು ಪಟ್ಟಿ ಬಿಗಿದುಕೊಂಡರು.

ದೋಣಿ ಹೊರಟಿತು. ಎಡಗಡೆ ನೆಲ, ಬಲಗಡೆ ಬರೀ ನೀರು. ಬಲಗಡೆ ನೋಡಿದವರಿಗೆ ಹೊಟ್ಟೆ ತೊಳಸಿತು. ಕೊಲ್ಹಾರದಲ್ಲಿ ಪ್ರಶ್ನೆ ಕೇಳಿದ ಕಾಕಾ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ "ಇದಕ್ಕ ಆಚಿ ದಂಡಿನ ಇಲ್ಲರಿ" ಎಂದಷ್ಟೇ ಅಂದರು.

ಎಡಗಡೆಯ ನೋಟ ಬೇರೆ. ಗುಡ್ಡ ನೇರವಾಗಿ ನೀರಿಗೆ ಇಳಿದಿದೆ. ಮೇಲೆ ಕೆಂಪು ಜಂಬಿಟ್ಟಿಗೆ ಕಲ್ಲು. ಕೆಳಗೆ ತೆರೆ ಬಡಿದು ಬಡಿದು ಕಪ್ಪಾದ ಬಂಡೆ. ಎರಡು ಗುಡ್ಡಗಳ ಸಂದಿಯಲ್ಲಿ ಒಂದು ತುಂಡು ಬಿಳಿ ಉಸುಕು, ನಾಲ್ಕು ತೆಂಗಿನ ಮರ. ಮತ್ತೆ ಗುಡ್ಡ. ಮತ್ತೆ ಉಸುಕು. ದಂಡೆಯ ಮೇಲೆ ನಿಂತಾಗ ನಮಗೆ ಸಮುದ್ರ ಕಂಡಿತ್ತು. ನೆಲ ಹೇಗಿದೆ ಅನ್ನುವುದು ಕಂಡದ್ದು ಸಮುದ್ರಕ್ಕೆ ಹೋದ ಮೇಲೆಯೇ.

ಅರ್ಧ ದಾರಿಯಲ್ಲಿ ಡಾಲ್ಫಿನ್ ಬಂದವು. ಬೂದು ಬಣ್ಣದ ಬೆನ್ನು ಮೇಲೆ ಎದ್ದಿತು, ಮುಳುಗಿತು. ಅದು ಮೀನಲ್ಲ. ನಮ್ಮ ಎಮ್ಮೆಯ ಹಾಗೆ ಮರಿ ಹಾಕಿ ಹಾಲು ಕುಡಿಸುತ್ತದೆ. ಉಸಿರಾಡಲು ನೀರಿನ ಮೇಲೆ ಬರಲೇಬೇಕು. ಅದಕ್ಕೇ ನಮಗೆ ಕಾಣುತ್ತದೆ. ಒಂಬತ್ತೂ ಜನ "ಅಲ್ಲಿ ನೋಡ್ರಿ" ಎಂದು ಬಲಗಡೆ ಏಳಲು ಹೋದರು. ದೋಣಿಯವರು ಕೂಗಿದರು, "ಕೂತಲ್ಲೇ ಕೂತು ನೋಡಿ!" ಕಬ್ಬಿನ ಬಂಡಿ ಗೊತ್ತಲ್ಲ? ಹೇರು ಒಂದು ಕಡೆ ವಾಲಿದರೆ ಬಂಡಿ ಏನಾಗುತ್ತದೆ? ಬಂಡಿಯ ಕೆಳಗಾದರೆ ಗಟ್ಟಿ ನೆಲ ಇರುತ್ತದೆ. ದೋಣಿಯ ಕೆಳಗೆ ಅದೂ ಇಲ್ಲ. ಎಲ್ಲರೂ ಒಂದೇ ಕಡೆ ಹೋದರೆ ಸಾಕು, ತೆರೆಯೇ ಬೇಕಾಗಿಲ್ಲ. ಸಣ್ಣ ಗುಂಪಾದರೆ ದೋಣಿಯವರ ಮಾತು ಎಲ್ಲರ ಕಿವಿಗೆ ಬೀಳುತ್ತದೆ. ಇಪ್ಪತ್ತು ಜನರ ಗದ್ದಲದಲ್ಲಿ ಯಾರ ಮಾತು ಯಾರು ಕೇಳುತ್ತಾರೆ?

ಪ್ಯಾರಡೈಸ್ ಬೀಚಿನಲ್ಲಿ ಇಳಿದು ರೊಟ್ಟಿ ಬಿಚ್ಚಿದೆವು. ಅಲ್ಲಿ ಪರದೇಶದವರು ಇದ್ದರು. "ಇವರ ದೇಶದಾಗ ಸಮುದ್ರ ಇಲ್ಲೇನ್ರಿ?" ಎಂದು ತಿಕೋಟಾದ ಅಕ್ಕ ಕೇಳಿದರು. ಇದೆ. ಇಟಲಿ ಎಂಬ ದೇಶದ ಮೂರು ದಿಕ್ಕಿಗೂ ಸಮುದ್ರ. ಅಲ್ಲಿಯೂ ಕಡಿದಾದ ಗುಡ್ಡಗಳಿಗೆ ಅಂಟಿಕೊಂಡ ಊರುಗಳಿವೆ. ಅವನ್ನು ನೋಡಲು ಜನ ಹೀಗೆಯೇ ಸಣ್ಣ ಸಣ್ಣ ಗುಂಪಿನಲ್ಲಿ ದೋಣಿ ಹತ್ತುತ್ತಾರೆ.

ಆ ಇಟಲಿಯಿಂದ ಒಬ್ಬ ಪ್ರವಾಸಿ 400 ವರ್ಷದ ಹಿಂದೆ ಈ ಕಡೆ ಬಂದಿದ್ದ. ಅವನ ಹೆಸರು ಪಿಯೆತ್ರೋ ದೆಲ್ಲಾ ವಾಲ್ಲೆ. ರೋಮ್ ನಗರದವನು. 1623ರಲ್ಲಿ ಗೋವೆಯಿಂದ ಹೊನ್ನಾವರಕ್ಕೆ ನೀರಿನ ದಾರಿಯಲ್ಲೇ ಬಂದ. ನಾವು ತೇಲಿದ ಈ ದಂಡೆಯ ಮುಂದೆಯೇ ಹಾದುಹೋಗಿರಬೇಕು. ಆಗ ನಮ್ಮ ಬಿಜಾಪುರದಲ್ಲಿ ಎರಡನೇ ಇಬ್ರಾಹಿಂ ಆದಿಲಶಾಹಿ ಆಳುತ್ತಿದ್ದ. ಹೊನ್ನಾವರದಿಂದ ಈ ಪ್ರವಾಸಿ ಶರಾವತಿ ಹೊಳೆಯಲ್ಲಿ ಗೇರುಸೊಪ್ಪೆಗೆ ಹೋದ, ಅಲ್ಲಿಂದ ಇಕ್ಕೇರಿಗೆ ಹೋದ. ನೋಡಿದ್ದನ್ನೆಲ್ಲ ಬರೆದಿಟ್ಟ. ದಾರಿಯ ಒಂದು ಗುಡಿಯಲ್ಲಿ ಹುಡುಗರು ಲೆಕ್ಕ ಕಲಿಯುವುದನ್ನು ಅವನು ಕಂಡ. ಕಾಗದ ಇರಲಿಲ್ಲ. ನೆಲದ ಮೇಲೆ ಉಸುಕು ಹರಡಿ, ರಾಗವಾಗಿ ಹೇಳುತ್ತ, ಬೆರಳಿನಿಂದ ಬರೆಯುತ್ತಿದ್ದರಂತೆ. ಮಾಸ್ತರರೂ ಇರಲಿಲ್ಲ. ಒಬ್ಬರಿಗೊಬ್ಬರು ಹೇಳಿಕೊಂಡು ಕಲಿಯುತ್ತಿದ್ದರು. ಇದನ್ನು ಹೇಳಿ ಮುಗಿಸುವುದರೊಳಗೆ ನಮ್ಮ ಅಜ್ಜಿ ಪ್ಯಾರಡೈಸ್ ಬೀಚಿನ ಉಸುಕಿನ ಮೇಲೆ ತಮ್ಮ ಹೆಸರು ಬರೆದಿದ್ದರು. ತೆರೆ ಬಂದು ಅಳಿಸಿತು. ಮತ್ತೆ ಸ್ವಲ್ಪ ಮೇಲೆ ಬರೆದರು.

ತಿರುಗಿ ಬರುವಾಗ ಸಾಣಿಕಟ್ಟೆ ನೋಡಿದೆವು. ಗೋಕರ್ಣದ ಹತ್ತಿರವೇ ಇದೆ. ಅಲ್ಲಿ ಉಪ್ಪು ತಯಾರಾಗುತ್ತದೆ. ಸಮುದ್ರದ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಏರಿದಾಗ ಅಘನಾಶಿನಿ ಹೊಳೆಯ ಬಾಯಲ್ಲಿ ಉಪ್ಪು ನೀರು ಒಳಗೆ ನುಗ್ಗುತ್ತದೆ. ಅದನ್ನು ಗದ್ದೆಗೆ ಬಿಟ್ಟು ಕಟ್ಟಿ ಹಾಕುತ್ತಾರೆ. ಬಿಸಿಲಿಗೆ ನೀರು ಆರಿ ಉಪ್ಪು ಉಳಿಯುತ್ತದೆ. ನಮ್ಮ ತಿಕೋಟಾದಲ್ಲಿ ದ್ರಾಕ್ಷಿ ಒಣಗಿಸಿ ಮಣೂಕ ಮಾಡುತ್ತೇವೆ. ಅವರು ಸಮುದ್ರ ಒಣಗಿಸಿ ಉಪ್ಪು ಮಾಡುತ್ತಾರೆ. ಇಬ್ಬರಿಗೂ ಅಕಾಲದ ಮಳೆಯ ಭಯ ಒಂದೇ. ಇಂಥ ಉಪ್ಪಿಗೆ ಇಂಗ್ಲಿಷರು ತೆರಿಗೆ ಹಾಕಿದಾಗ, 1930ರಲ್ಲಿ ಅಂಕೋಲೆಯ ಜನ ಸತ್ಯಾಗ್ರಹ ಮಾಡಿದರು. ಆ ಹೊಳೆಯ ಬದಿಗೆ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಅದು ಉಪ್ಪು ನೀರನ್ನೂ ತಾಳಿಕೊಳ್ಳುತ್ತದೆ. ಡೋಣಿಯ ಸವಳು ನೆಲ ಉಳುವವರು ಈ ಭತ್ತದ ಮುಂದೆ ಬಹಳ ಹೊತ್ತು ನಿಂತರು.

ಹೋಗಬೇಕು ಅನ್ನುವವರಿಗೆ ಎರಡು ಮಾತು. ಮಳೆಗಾಲದಲ್ಲಿ ಹೋಗಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಯಂತ್ರದ ದೋಣಿಗಳು ಮೀನಿಗೂ ಹೋಗುವಂತಿಲ್ಲ ಎಂದು ಸರಕಾರದ ನಿಯಮವಿದೆ. ಸಮುದ್ರದಲ್ಲೇ ಹುಟ್ಟಿ ಬೆಳೆದವರು ದಂಡೆಯಲ್ಲಿ ಕೂರುವಾಗ ನಮಗೇಕೆ ಅವಸರ? ಇನ್ನೊಂದು, ದೋಣಿ ಹತ್ತುವ ಮುಂಚೆ ಎಲ್ಲರ ಹೆಸರು, ಊರು, ಮನೆಯವರ ಫೋನ್ ನಂಬರ್ ಒಂದು ಹಾಳೆಯಲ್ಲಿ ಬರೆದು ದಂಡೆಯ ಮೇಲೆ ಇರುವವರ ಕೈಗೆ ಕೊಡಿ. ನಾವು ಅಲ್ಲಿನ ಚಹಾದ ಅಂಗಡಿಯಲ್ಲಿ ಕೊಟ್ಟಿದ್ದೆವು. ತಿರುಗಿ ಬಂದ ಮೇಲೆ ಅಂಗಡಿಯವರೇ ಹೆಸರು ಕೂಗಿ ಎಣಿಸಿಕೊಂಡು ಹಾಳೆ ವಾಪಸ್ ಕೊಟ್ಟರು.

ಬರುವ ಚಳಿಗಾಲಕ್ಕೆ ಮತ್ತೊಂದು ಗುಂಪು ಹೊರಡುತ್ತದೆ. ಇಲ್ಲಿ ಮೇಜಿನ ಮೇಲೆ ಒಂದು ವಹಿ ಇಟ್ಟಿದ್ದೇವೆ. ಹದಿನೆಂಟು ಗೆರೆ ಎಳೆದಿದ್ದೇವೆ. ಬರುವವರು ಹೆಸರು ನೀವೇ ಬರೆಯಿರಿ. ನಾವು ಬರೆದುಕೊಡುವುದಿಲ್ಲ. ಮೊದಲನೇ ಗೆರೆ ಬಬಲೇಶ್ವರದ ಅಜ್ಜಿ ಆಗಲೇ ತುಂಬಿಸಿದ್ದಾರೆ.