ಬ್ಯಾಟರಿ ಮುಗಿದರೂ ನಡೆಯುವ ಕ್ಯಾಮೆರಾ

1976ರಲ್ಲಿ ಬಂದ ಜಪಾನಿನ ಪೆಂಟಾಕ್ಸ್ ಕೆ1000 ಕ್ಯಾಮೆರಾದ ತಯಾರಿಕೆ 1997ರಲ್ಲಿ ನಿಂತಿತು. ಅಟ್ಟದಲ್ಲಿ ಅದೊಂದು ಸಿಕ್ಕರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಒಳಗಿನ ಮುಳ್ಳು ಅಲುಗದಿದ್ದರೆ ಕ್ಯಾಮೆರಾನೇ ಕೆಟ್ಟಿದೆ ಎಂದುಕೊಳ್ಳುತ್ತೇವೆ. ಆದರೆ ಬೆಳಕು ಅಳೆಯುವ ಆ ಮುಳ್ಳಿಗಷ್ಟೇ ಬ್ಯಾಟರಿ ಬೇಕು. ಶಟರ್ ಓಡುವುದು ಸ್ಪ್ರಿಂಗಿನ ಬಲದಿಂದ. ಮೀಟರ್ ಆರಿಸಲು ಸ್ವಿಚ್ಚೇ ಇಲ್ಲ, ಲೆನ್ಸಿಗೆ ಮುಚ್ಚಳ ಹಾಕಿಡಬೇಕು. ಎಲ್ಲವನ್ನೂ ಬಳಸುವವರ ಕೈಗೇ ಬಿಟ್ಟ ಈ ಯಂತ್ರ ನನಗೆ ಬಲು ಪ್ರಿಯ.

ಚಿತ್ರದಲ್ಲಿ ಕಿತ್ತಳೆ ಗೆರೆ ಬಿದ್ದರೆ ಹಿಂಬಾಗಿಲಂಚಿನಲ್ಲಿ ಬೆಳಕು ತಡೆಯುವ ಸ್ಪಂಜು ನೋಡಿ. ವಯಸ್ಸಾಗಿ ಅದು ಬೆಲ್ಲದ ಪಾಕದಂತೆ ಅಂಟಂಟಾಗಿರುತ್ತದೆ. ಮೆಲ್ಲಗೆ ಒರೆಸಿ ತೆಗೆದು ಹೊಸದನ್ನು ಅಂಟಿಸಿ. ಶಟರಿನ ತೆಳು ಪರದೆಗೆ ಮಾತ್ರ ಬೆರಳು ತಾಗಿಸಬೇಡಿ. ಆಮೇಲೆ ರೀಲು ಹಾಕಿ ಲಿವರ್ ಎಳೆಯಿರಿ. ಎಡಗಡೆಯ ಗುಂಡಿಯೂ ಜೊತೆಗೇ ತಿರುಗಿದರೆ ರೀಲು ಸರಿಯಾಗಿ ಹಿಡಿದಿದೆ, ಧೈರ್ಯವಾಗಿ ಫೋಟೊ ತೆಗೆಯಿರಿ.