ಪ್ರಶ್ನೆಯ ಎತ್ತರ ಎಷ್ಟಿರಬೇಕು?

(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

 

ಇಂದು ನಾನು ಒಂದು ಆಟದ ಬಗ್ಗೆ ಹೇಳಬೇಕೆಂದಿದ್ದೇನೆ. ಆದರೆ ನನ್ನ ಮನಸ್ಸಿನಲ್ಲಿರುವುದು ಉರ್ದು ಮಾಧ್ಯಮದಲ್ಲಿ ಓದಿ ಕನ್ನಡ ಮಾಧ್ಯಮದ ಹೈಸ್ಕೂಲಿಗೆ ಹೋಗುವ ಮಕ್ಕಳು. ಅಂಥವರು ರಾಯಚೂರಿನಲ್ಲೂ ಇದ್ದಾರೆ, ದೇವದುರ್ಗ, ಮಾನ್ವಿಯಲ್ಲೂ ಇದ್ದಾರೆ. ಕೆಲವರು ಮೊದಲ ವರ್ಷವೇ "ನನ್ನಿಂದ ಆಗಲ್ಲ ಸರ್" ಎಂದು ಕೈಚೆಲ್ಲುತ್ತಾರೆ. ಹೆಣ್ಣುಮಗಳು ಹಾಗೆ ಒಮ್ಮೆ ಮನೆಯಲ್ಲಿ ಕುಳಿತರೆ ಮತ್ತೆ ಶಾಲೆಗೆ ಬರುವುದು ಎಷ್ಟು ಕಷ್ಟವೆಂದು ನಿಮಗೆ ಗೊತ್ತು.

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಪ್ರಕಟಿಸಿದರು. ನಾಲ್ಕೈದು ಜನ ಮೇಜಿನ ಸುತ್ತ ಕುಳಿತು ಒಂದು ಕಥೆಯನ್ನು ಕೂಡಿ ಆಡುತ್ತಾರೆ. ಪ್ರತಿಯೊಬ್ಬನೂ ಒಂದು ಪಾತ್ರ. ಆಟ ನಡೆಸುವವನಿಗೆ ಡಂಜನ್ ಮಾಸ್ಟರ್ ಎನ್ನುತ್ತಾರೆ. ಆತ ಅಡ್ಡಿಯನ್ನು ವರ್ಣಿಸಿ ಅದಕ್ಕೊಂದು ಅಂಕಿ ಇಡುತ್ತಾನೆ: ಸುಲಭಕ್ಕೆ 10, ಮಧ್ಯಮಕ್ಕೆ 15, ಕಠಿಣಕ್ಕೆ 20. ಆಟಗಾರ ಇಪ್ಪತ್ತು ಮುಖದ ದಾಳ ಉರುಳಿಸಿ, ತನ್ನ ಪಾತ್ರದ ಸಾಮರ್ಥ್ಯವನ್ನು ಅದಕ್ಕೆ ಕೂಡಿಸಿ, ಆ ಅಂಕಿಯನ್ನು ಮುಟ್ಟಬೇಕು.

ದಾಳ ಎಂದ ಕೂಡಲೆ ಹಿರಿಯರು ಹುಬ್ಬೇರಿಸಬಹುದು. ಇಲ್ಲಿ ಹಣವಿಲ್ಲ, ಬಾಜಿಯಿಲ್ಲ. ಆದರೂ ತರಗತಿಗೆ ದಾಳ ಬೇಕಿಲ್ಲ. 1ರಿಂದ 20ರವರೆಗೆ ಬರೆದ ಚೀಟಿಗಳು ಡಬ್ಬಿಯಲ್ಲಿದ್ದರೆ ಸಾಕು. ತೆಗೆದ ಚೀಟಿಯನ್ನು ಪ್ರತಿ ಸಲ ಮರಳಿ ಹಾಕಬೇಕು, ಅಷ್ಟೆ.

ಮಾನ್ವಿಯಿಂದ ಹತ್ತಿ ಬಂಡಿಯೊಂದು ರಾಯಚೂರು ಮಾರುಕಟ್ಟೆಗೆ ಹೊರಟಿದೆ ಎನ್ನೋಣ. ದಾರಿಯಲ್ಲಿ ಹಳ್ಳ ತುಂಬಿ ಬಂದಿದೆ. ನೀರು ಮೊಣಕಾಲು ಮಟ್ಟವಿದ್ದರೆ 10, ಸೊಂಟ ಮಟ್ಟವಿದ್ದರೆ 15, ಕುತ್ತಿಗೆ ಮಟ್ಟವಿದ್ದರೆ 20. ಹಳ್ಳದ ಆಳ ಯಾರ ಮುಖ ನೋಡಿಯೂ ಬದಲಾಗುವುದಿಲ್ಲ. ಬದಲಾಗುವುದು ದಾಟುವವನ ಕೈಯಲ್ಲಿರುವ ಬಲ. ಬರಿಗೈಯವನಿಗೆ 15 ಮುಟ್ಟಲು ಇಪ್ಪತ್ತರಲ್ಲಿ ಆರು ಚೀಟಿ ಮಾತ್ರ ಅನುಕೂಲ, ಅಂದರೆ ಶೇಕಡಾ 30. ಹಗ್ಗ ಕೊಟ್ಟು ಐದು ಅಂಕ ಸೇರಿಸಿದರೆ ಹನ್ನೊಂದು ಚೀಟಿ, ಶೇಕಡಾ 55. ಎಸ್.ಎಸ್.ಎಲ್.ಸಿ. ಪ್ರಶ್ನೆಪತ್ರಿಕೆಯೂ ಆ ಹಳ್ಳದಂತೆ. ಅದರ ಆಳ ಇಳಿಸುವುದು ನಮ್ಮ ಕೈಯಲ್ಲಿಲ್ಲ, ಇಳಿಸಿ ಎಂದು ಬೇಡುವುದೂ ಬೇಡ. ಹಗ್ಗ ಕೊಡುವುದು ಮಾತ್ರ ನಮ್ಮ ಕೈಯಲ್ಲಿದೆ.

ಎರಡನೆಯ ಮಾತು. ಒಂದೇ ಬಾಗಿಲಿಗೆ ಮೂರು ಬೀಗ ಹಾಕಬಾರದು. ಒಂದೊಂದು ಬೀಗ ತೆರೆಯುವ ಸಾಧ್ಯತೆ ಶೇಕಡಾ 55 ಇದ್ದರೂ, ಮೂರನ್ನೂ ಸಾಲಾಗಿ ತೆರೆಯುವ ಸಾಧ್ಯತೆ ಸುಮಾರು 17ಕ್ಕೆ ಇಳಿಯುತ್ತದೆ. ಆಟ ನಡೆಸುವವನು "ಮಧ್ಯಮ" ಎಂದುಕೊಂಡದ್ದು ಆಡುವವನಿಗೆ ಅಸಾಧ್ಯವಾಗುತ್ತದೆ. ನಮ್ಮ ಗಣಿತದ ಪುಸ್ತಕದ ಹೇಳಿಕೆ ಲೆಕ್ಕವನ್ನೇ ನೋಡಿ. ಮಗು ಮೊದಲು ಕನ್ನಡ ಓದಬೇಕು, ಆಮೇಲೆ ಏನು ಕೇಳಿದ್ದಾರೆಂದು ತಿಳಿಯಬೇಕು, ಕೊನೆಗೆ ಲೆಕ್ಕ ಮಾಡಬೇಕು. ಇವೇ ಆ ಮೂರು ಬೀಗಗಳು. 'ಮುಸಲ್ಲಸ್' ಎಂದು ಕಲಿತ ಮಗುವಿಗೆ 'ತ್ರಿಭುಜ' ಎಂಬ ಪದ ಹೊಸದು, ಆಕೃತಿ ಹೊಸದಲ್ಲ. 'ಫೀಸದ್' ಗೊತ್ತಿದ್ದವಳು 'ಶೇಕಡಾ' ಎಂಬಲ್ಲಿ ನಿಂತುಬಿಟ್ಟರೆ ಅವಳಿಗೆ ಗಣಿತ ಬರುವುದಿಲ್ಲ ಎಂದು ತೀರ್ಪು ಕೊಡಬಹುದೇ? ಯಾವ ಬೀಗದ ಮುಂದೆ ನಿಂತಿದ್ದಾಳೆ ಎಂದು ಮೊದಲು ನೋಡಬೇಕು. ಅದೇ ಲೆಕ್ಕವನ್ನು ಒಮ್ಮೆ ಬಾಯಲ್ಲಿ, ಉರ್ದುವಿನಲ್ಲಿ ಕೇಳಿ. ಉತ್ತರ ಬಂದರೆ ಕಲಿಸಬೇಕಾದದ್ದು ಕನ್ನಡ ಪದ, ಗಣಿತವಲ್ಲ.

ಮೂರನೆಯದು. ಸೋತರೆ ಕಥೆ ನಿಲ್ಲಬಾರದು. ಚೆನ್ನಾಗಿ ಆಟ ನಡೆಸುವವನು "ಸೋತೆ, ಆಚೆ ಕೂಡು" ಎನ್ನುವುದಿಲ್ಲ. ಬಂಡಿ ಹಳ್ಳ ದಾಟುತ್ತದೆ, ಹತ್ತಿ ನೆನೆಯುತ್ತದೆ, ಮಾರುಕಟ್ಟೆಯಲ್ಲಿ ಬೆಲೆ ಕಡಿಮೆಯಾಗುತ್ತದೆ. ಸೋಲಿಗೆ ಬೆಲೆ ಇರಲಿ, ದಾರಿಯೂ ಇರಲಿ. ಕಿರುಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದ ಮಗುವಿಗೆ ಮುಂದೇನು ಮಾಡಬೇಕೆಂದು ಅದೇ ದಿನ ಹೇಳಿದರೆ, ಅದು ಮರುದಿನವೂ ಶಾಲೆಗೆ ಬರುತ್ತದೆ.

ಹಾಗೆಂದು ಎಲ್ಲವನ್ನೂ ಸುಲಭ ಮಾಡುವುದು ದಯೆಯಲ್ಲ. ಸದಾ ಮೊಣಕಾಲು ಮಟ್ಟದ ನೀರಿನಲ್ಲಿ ನಡೆದವನು ಸೊಂಟ ಮಟ್ಟಕ್ಕೆ ಬಂದಾಗ ಹೆದರುತ್ತಾನೆ. ಬಿ.ಎಡ್.ನಲ್ಲಿ ನಾವು ಓದಿದ ರಷ್ಯಾದ ವೈಗಾಟ್ಸ್ಕಿ (1896-1934) ಹೇಳಿದ್ದೂ ಇದನ್ನೇ. ಮಗು ಒಂಟಿಯಾಗಿ ಮಾಡಲಾರದ, ಆದರೆ ಬಲ್ಲವರ ನೆರವಿನಿಂದ ಮಾಡಬಲ್ಲ ಕೆಲಸದಲ್ಲೇ ಕಲಿಕೆ ನಡೆಯುತ್ತದೆ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರ ಗೋಳು ನಮಗೆ ಹೊಸದಲ್ಲ. ಮೇಲ್ಭಾಗದಲ್ಲಿ ನೀರು ತುಂಬಿ ಹರಿದರೆ ಸಾಲದು, ಕೊನೆಯ ಹೊಲಕ್ಕೂ ಮುಟ್ಟಬೇಕು. ಮುಂದಿನ ಬೆಂಚಿನ ಉತ್ತರ ಕೇಳಿ ಪಾಠ ಮುಗಿಸುವ ನಮಗೂ ಈ ಮಾತು ಅನ್ವಯಿಸುತ್ತದೆ.

ಸಂಸ್ಥೆಯ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೆ. ಹೈಸ್ಕೂಲಿಗೆ ಸೇರುವ ಮೊದಲಿನ ಬೇಸಿಗೆ ರಜೆಯಲ್ಲಿ ಗಣಿತ, ವಿಜ್ಞಾನದ ಪದಗಳನ್ನು ಎರಡೂ ಭಾಷೆಯಲ್ಲಿ ಕಲಿಸುವ ತರಗತಿಯೊಂದನ್ನು ನಡೆಸೋಣ. ಕಲಿಸಲು ನಾನು ಸಿದ್ಧ. ವಿದ್ಯಾರ್ಥಿಗಳೆ, ಅರ್ಥವಾಗದ ಪದವನ್ನು ನಾಚದೆ ಕೇಳಿ. ಕೇಳಿದ ಪ್ರತಿ ಪದವೂ ನಿಮ್ಮ ಚೀಟಿಗೆ ಸೇರುವ ಒಂದು ಅಂಕ.